ಮೇಲ್ ಪಟ್ಟಿಗೆ ಅನ್‌ಸಬ್‌ಸ್ಕ್ರೈಬ್ ಪುಟ: ಲಿಂಕ್‌ನಿಂದ ಹಿಡಿದು ಕೊನೆಯ ಪರೀಕ್ಷೆಯವರೆಗೆ

ಸಣ್ಣ ಪ್ರಕಾಶನ, ಸೀರೆ ಅಂಗಡಿ, ರಂಗತಂಡ, ಹೊರದೇಶದ ಕನ್ನಡ ಕೂಟ. ಮೇಲ್ ಪಟ್ಟಿ ಇಟ್ಟುಕೊಂಡವರೆಲ್ಲ ತಿರುಗಿ ತಿರುಗಿ ಕೇಳುವುದು ಇದನ್ನೇ: "ಅನ್‌ಸಬ್‌ಸ್ಕ್ರೈಬ್ ಲಿಂಕ್ ಹಾಕಲೇಬೇಕಾ? ಹಾಕಿದರೆ ಜನ ಹೋಗಿಬಿಡ್ತಾರಲ್ಲ? ಹಾಕೋದಾದರೆ ಸರಿಯಾಗಿ ಹೇಗೆ ಹಾಕೋದು?"

ಹಾಕಲೇಬೇಕು. ಬೇಡ ಅನ್ನಿಸಿದವರು ಹೇಗಿದ್ದರೂ ಹೋಗುತ್ತಾರೆ. ಲಿಂಕ್ ಕಣ್ಣಿಗೆ ಬಿದ್ದರೆ ಅದನ್ನು ಒತ್ತುತ್ತಾರೆ, ಕಾಣದಿದ್ದರೆ ಸ್ಪ್ಯಾಮ್ ಬಟನ್ ಒತ್ತುತ್ತಾರೆ. ಎರಡನೆಯದು ನಿಮಗೆ ತುಂಬಾ ದುಬಾರಿ. ಸ್ಪ್ಯಾಮ್ ದೂರು ಶೇ. 0.3ಕ್ಕೆ ಮುಟ್ಟಲೇಬಾರದು, ಶೇ. 0.1ರ ಒಳಗಿದ್ದರೆ ಒಳ್ಳೆಯದು ಎಂದು ಜಿಮೇಲ್ ಹೇಳುತ್ತದೆ. ಅಂದರೆ ಇನ್‌ಬಾಕ್ಸ್‌ಗೆ ಹೋದ 1000 ಮೇಲ್‌ಗಳಲ್ಲಿ ಮೂವರು ಬೇಸರದಿಂದ ಆ ಬಟನ್ ಒತ್ತಿದರೆ ಸಾಕು. ಆಮೇಲೆ ನಿಮ್ಮ ಮೇಲ್ ಕಾಯುತ್ತಾ ಕೂತವರಿಗೂ ಅದು ಸ್ಪ್ಯಾಮ್ ಫೋಲ್ಡರ್‌ಗೇ ಹೋಗತೊಡಗುತ್ತದೆ. ಹೋಗುವವರನ್ನು ಸುಲಭವಾಗಿ ಬಿಟ್ಟುಕೊಟ್ಟರೆ ಉಳಿದವರಿಗೆ ಮೇಲ್ ತಲುಪುತ್ತದೆ.

ಶುರು ಮಾಡುವ ಮೊದಲು ಇಷ್ಟು ಕೈಯಲ್ಲಿರಲಿ: ಎಚ್‌ಟಿಟಿಪಿಎಸ್ ಇರುವ ನಿಮ್ಮದೇ ಡೊಮೇನ್, ಮೇಲ್ ಕಳಿಸುವ ಒಂದು ಸಾಧನ, ವಿಳಾಸಗಳನ್ನು ಇಡಲು ಒಂದು ಡೇಟಾಬೇಸ್. ಜೊತೆಗೆ, ಮೇಲ್‌ಗೆ ಬಂದ ಉತ್ತರ ಓದಲು ಒಬ್ಬ ಮನುಷ್ಯರು. 'ನೋ ರಿಪ್ಲೈ' ವಿಳಾಸದಿಂದ ಕಳಿಸುವವರು ಈ ಕೊನೆಯದನ್ನೇ ಮರೆಯುತ್ತಾರೆ.

1. ಯಾವ ಮೇಲ್ ನಿಲ್ಲಬೇಕು, ಯಾವುದು ನಿಲ್ಲಬಾರದು?

ಮೊದಲು ನಿಮ್ಮಿಂದ ಹೋಗುವ ಮೇಲ್‌ಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಒಟಿಪಿ, ಹಣ ಕಟ್ಟಿದ ರಸೀದಿ, ಆರ್ಡರ್ ಎಲ್ಲಿಗೆ ಬಂತು ಎನ್ನುವ ಮಾಹಿತಿ ಒಂದು ಕಡೆ. ಓದುಗರು ತಾವೇ ಮಾಡಿದ ಕೆಲಸಕ್ಕೆ ಬರುವ ಮೇಲ್ ಇವು, ಅನ್‌ಸಬ್‌ಸ್ಕ್ರೈಬ್ ಮಾಡಿದರೂ ಹೋಗಬೇಕು. ಹೊಸ ಪುಸ್ತಕದ ಸುದ್ದಿ, ಹಬ್ಬದ ರಿಯಾಯಿತಿ, ತಿಂಗಳ ಪತ್ರ ಇನ್ನೊಂದು ಕಡೆ. ಇವೆಲ್ಲಕ್ಕೂ ಹೊರಹೋಗುವ ದಾರಿ ಇರಬೇಕು.

ಇಲ್ಲಿ ಜಾಸ್ತಿ ಜನ ಎಡವುವುದು ರಸೀದಿಯ ಕೆಳಗೆ ಜಾಹೀರಾತು ತುರುಕುವಾಗ. ರಸೀದಿಯಲ್ಲಿ ರಸೀದಿ ಮಾತ್ರ ಇರಲಿ. ಜೊತೆಗೆ ಎರಡೂ ಬಗೆಯ ಮೇಲ್‌ಗಳನ್ನು ಬೇರೆ ಬೇರೆ ಕಳಿಸುವ ವಿಳಾಸದಿಂದ ಕಳಿಸಿ.

2. ಸಿದ್ಧ ಸಾಧನವೋ, ಸ್ವಂತದ್ದೋ?

ಮೇಲ್‌ಚಿಂಪ್, ಜೋಹೋ ಕ್ಯಾಂಪೇನ್ಸ್‌ನಂಥ ಸೇವೆ ಬಳಸುತ್ತಿದ್ದರೆ ಪುಟ, ಲಿಂಕ್, ಬೇಡ ಎಂದವರ ಪಟ್ಟಿ ಮೂರೂ ಅದರಲ್ಲೇ ಇರುತ್ತವೆ. ನಿಮ್ಮ ಕೆಲಸ ಪುಟದ ಮಾತನ್ನು ಕನ್ನಡಕ್ಕೆ ತರುವುದು ಮತ್ತು ಪರೀಕ್ಷೆ ಮಾಡುವುದು. 4, 7, 8ನೇ ಹಂತ ಓದಿಕೊಳ್ಳಿ.

ಸ್ವಂತ ಸರ್ವರ್ ಬೇಕೆನ್ನುವವರು ಲಿಸ್ಟ್‌ಮಂಕ್ ನೋಡಬಹುದು. ಬೆಂಗಳೂರಿನ ಝೆರೋಧಾ ಕಂಪನಿಯಲ್ಲಿ ಹುಟ್ಟಿದ ಉಚಿತ, ಓಪನ್ ಸೋರ್ಸ್ ಸಾಧನ ಅದು. ಮೇಲ್‌ನ ಟೆಂಪ್ಲೇಟ್‌ನಲ್ಲಿ ಅನ್‌ಸಬ್‌ಸ್ಕ್ರೈಬ್ ಲಿಂಕ್‌ನ ಗುರುತು ಇದೆಯೇ, ಪ್ರೈವಸಿ ಸೆಟ್ಟಿಂಗ್‌ನಲ್ಲಿ ಲಿಸ್ಟ್-ಅನ್‌ಸಬ್‌ಸ್ಕ್ರೈಬ್ ಹೆಡರ್ (ಇದೇನೆಂದು 5ನೇ ಹಂತದಲ್ಲಿದೆ) ಆನ್ ಆಗಿದೆಯೇ, ಈ ಎರಡನ್ನು ಮರೆಯದೆ ನೋಡಿ. ಜನರಿಗೆ ಕಾಣುವ ಪುಟಗಳ ಮಾತನ್ನು ಅದರ ಭಾಷಾ ಫೈಲ್ ಬದಲಿಸಿ ಕನ್ನಡ ಮಾಡಿಕೊಳ್ಳಬಹುದು.

ಇನ್ನು ಐವತ್ತು ನೂರು ಜನಕ್ಕೆ ಜಿಮೇಲ್‌ನಿಂದಲೇ ಬಿಸಿಸಿ ಹಾಕಿ ಕಳಿಸುವವರು. ನಿಮಗೆ ಪುಟವೇ ಬೇಡ. "ಈ ಮೇಲ್ ಬೇಡವಾದರೆ 'ಬೇಡ' ಎಂದು ಉತ್ತರಿಸಿ, ತೆಗೆದುಬಿಡುತ್ತೇವೆ" ಎಂಬ ಸಾಲು ಸಾಕು. ಆದರೆ ಉತ್ತರ ಬಂದ ದಿನವೇ ತೆಗೆಯಬೇಕು.

ಮುಂದಿನದೆಲ್ಲ ಸ್ವಂತವಾಗಿ ಕಟ್ಟುವವರಿಗೆ, ಅಥವಾ ಕಟ್ಟಿಸುವವರಿಗೆ. ಡೆವಲಪರ್ ಕೈಗೆ ಕೊಟ್ಟರೂ ಏನು ಕೇಳಬೇಕು ಎಂದು ನಿಮಗೆ ಗೊತ್ತಿರಬೇಕು, ಅಲ್ವಾ?

3. ಲಿಂಕ್ ಮತ್ತು ಅದರ ಟೋಕನ್

ಪ್ರತಿ ಓದುಗರಿಗೂ ಬೇರೆಯೇ ಲಿಂಕ್ ಹೋಗಬೇಕು. ಒತ್ತಿದವರು ಯಾರು ಎಂದು ಪುಟಕ್ಕೆ ಲಿಂಕ್‌ನಿಂದಲೇ ಗೊತ್ತಾಗಬೇಕು. ಅದಕ್ಕಾಗಿ ಲಿಂಕ್‌ನ ಕೊನೆಯಲ್ಲಿ ಒಂದು ಟೋಕನ್ ಇರುತ್ತದೆ. ಟೋಕನ್ ಅಂದರೆ ಊಹಿಸಲು ಆಗದ, ಉದ್ದನೆಯ ಅಕ್ಷರ-ಅಂಕಿಗಳ ಸರ.

ಲಾಗಿನ್ ಕೇಳಬೇಡಿ. ಪಾಸ್‌ವರ್ಡ್ ನೆನಪಿದ್ದವರು ಎಷ್ಟು ಜನ ಇದ್ದಾರು? ಅಮೆರಿಕದ ಕ್ಯಾನ್-ಸ್ಪ್ಯಾಮ್ ಕಾಯ್ದೆ ಈ ವಿಷಯದಲ್ಲಿ ಖಡಾಖಂಡಿತ: ವ್ಯಾಪಾರದ ಮೇಲ್‌ನಿಂದ ಹೊರಬರಲು ಶುಲ್ಕ ಕೇಳಬಾರದು, ಮೇಲ್ ವಿಳಾಸ ಬಿಟ್ಟು ಬೇರೆ ಮಾಹಿತಿ ಕೇಳಬಾರದು, ಒಂದು ಪುಟಕ್ಕಿಂತ ಹೆಚ್ಚು ಓಡಾಡಿಸಬಾರದು. ಅಲ್ಲಿರುವ ಕನ್ನಡಿಗರಿಗೆ ಪುಸ್ತಕ, ಟಿಕೆಟ್ ಮಾರುವವರು ಇದನ್ನು ನೆನಪಿಡಿ.

ಟೋಕನ್ ಮಾಡುವಾಗ ನಾಲ್ಕು ಎಚ್ಚರಿಕೆ.

ಕ್ರಮಸಂಖ್ಯೆ ಬಳಸಬೇಡಿ. ಲಿಂಕ್‌ನ ಕೊನೆಯಲ್ಲಿ 1041 ಎಂದಿದ್ದರೆ ಯಾರೋ ಅದನ್ನು 1042 ಮಾಡಿ ಒತ್ತುತ್ತಾರೆ. ಪಕ್ಕದವರು ಪಟ್ಟಿಯಿಂದ ಹೊರಗೆ. ಕನಿಷ್ಠ 128 ಬಿಟ್‌ನ ಯಾದೃಚ್ಛಿಕ ಸರ ಮಾಡಿ ಡೇಟಾಬೇಸ್‌ನಲ್ಲಿಡಿ, ಇಲ್ಲವೇ ಓದುಗರ ಸಂಖ್ಯೆಯ ಜೊತೆ ಎಚ್‌ಮ್ಯಾಕ್ ಸಹಿ ಸೇರಿಸಿ. ಎಚ್‌ಮ್ಯಾಕ್ ಅಂದರೆ ನಿಮ್ಮ ಸರ್ವರ್‌ನ ಗುಟ್ಟಿನ ಕೀಲಿಯಿಂದ ಮಾತ್ರ ಹುಟ್ಟುವ ಗುರುತು.

ಮೇಲ್ ವಿಳಾಸವನ್ನು ಲಿಂಕ್‌ನಲ್ಲಿ ಹಾಗೇ ಹಾಕಬೇಡಿ. ಸರ್ವರ್ ಲಾಗ್‌ಗಳಲ್ಲಿ, ಪುಟದಲ್ಲಿರುವ ಅನಲಿಟಿಕ್ಸ್ ಸಾಧನಗಳಲ್ಲಿ ಅದು ಉಳಿದುಬಿಡುತ್ತದೆ. ಬೇಸ್64 ಎಂಬ ಸಂಕೇತ ರೂಪಕ್ಕೆ ತಿರುಗಿಸಿದರೂ ಪ್ರಯೋಜನ ಇಲ್ಲ. ಅದನ್ನು ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಿ ಓದಬಹುದು.

ಟೋಕನ್‌ನಲ್ಲಿ ಸಮ ಚಿಹ್ನೆ, ಕೂಡುವ ಚಿಹ್ನೆ, ಓರೆಗೆರೆ ಬರದಂತೆ ನೋಡಿಕೊಳ್ಳಿ. ಮೇಲ್ ದಾಟಿಬರುವಾಗ ಇವು ಕೆಡುವ ಸಾಧ್ಯತೆ ಜಾಸ್ತಿ. ಬರೀ ಅಕ್ಷರ, ಅಂಕಿ ಸಾಕು.

ಕೊನೆಯದು, ಟೋಕನ್‌ಗೆ ಗಡುವು ಬೇಡ. "ಈ ಲಿಂಕ್ ಅವಧಿ ಮುಗಿದಿದೆ" ಎಂಬ ಪುಟ ಕಂಡ ಓದುಗರು ಮುಂದೆ ಒತ್ತುವುದು ಸ್ಪ್ಯಾಮ್ ಬಟನ್ನನ್ನೇ.

4. ಪುಟ

ಇದೇ ಮುಖ್ಯವಾದ ಹಂತ, ಸ್ವಲ್ಪ ನಿಧಾನವಾಗಿ ಓದಿ.

ಲಿಂಕ್ ತೆರೆದ ಮಾತ್ರಕ್ಕೆ ಯಾರನ್ನೂ ಪಟ್ಟಿಯಿಂದ ತೆಗೆಯಬೇಡಿ. ಕಾರಣ ಇದೆ. ದೊಡ್ಡ ಕಚೇರಿಗಳ ಮೇಲ್ ವ್ಯವಸ್ಥೆಯಲ್ಲಿ ಭದ್ರತಾ ಸ್ಕ್ಯಾನರ್‌ಗಳಿರುತ್ತವೆ. ಮೇಲ್ ಬಂದ ಕೂಡಲೇ ಅದರಲ್ಲಿರುವ ಲಿಂಕ್‌ಗಳನ್ನು ತಾವೇ ತೆರೆದು ವೈರಸ್ ಇದೆಯೇ ಎಂದು ನೋಡುತ್ತವೆ. ಲಿಂಕ್ ತೆರೆದರೇ ಅನ್‌ಸಬ್‌ಸ್ಕ್ರೈಬ್ ಆಗುವಂತಿದ್ದರೆ, ನಿಮ್ಮ ಮೇಲ್ ಇಷ್ಟಪಡುವ ಓದುಗರು ಅದನ್ನು ನೋಡುವ ಮುಂಚೆಯೇ ಪಟ್ಟಿಯಿಂದ ಮಾಯ. "ನಾನೇನೂ ಮಾಡಿಲ್ಲ, ಮೇಲ್ ಬರೋದೇ ನಿಂತಿದೆ" ಎಂದು ಐಟಿ ಕಂಪನಿಯ ವಿಳಾಸ ಕೊಟ್ಟವರು ದೂರುತ್ತಿದ್ದರೆ ಮೊದಲು ಇದನ್ನು ಅನುಮಾನಿಸಿ.

ತಾಂತ್ರಿಕವಾಗಿ ಹೇಳುವುದಾದರೆ, ಗೆಟ್ ವಿನಂತಿಗೆ ಪುಟ ತೋರಿಸಿ, ಪೋಸ್ಟ್ ವಿನಂತಿಗೆ ಕೆಲಸ ಮಾಡಿ. ಗೆಟ್ ಅಂದರೆ ಬ್ರೌಸರ್ "ಪುಟ ಕೊಡು" ಎಂದು ಕೇಳುವುದು. ಪೋಸ್ಟ್ ಅಂದರೆ ಬಟನ್ ಒತ್ತಿ "ಇದನ್ನು ಮಾಡು" ಎಂದು ಹೇಳುವುದು.

ಪುಟದಲ್ಲಿ ಇರಬೇಕಾದ್ದು ಇಷ್ಟೇ:

"ರಾ••••• ಎಂದು ಶುರುವಾಗುವ ನಿಮ್ಮ ವಿಳಾಸಕ್ಕೆ 'ತಿಂಗಳ ಹೊಸ ಪುಸ್ತಕ' ಮೇಲ್ ಬರುವುದನ್ನು ನಿಲ್ಲಿಸಬೇಕೇ?"
ದೊಡ್ಡ ಬಟನ್: "ಹೌದು, ನಿಲ್ಲಿಸಿ"
ಅದರ ಕೆಳಗೆ: "ನಿಮ್ಮ ಎಲ್ಲ ಪಟ್ಟಿಗಳಿಂದಲೂ ನನ್ನನ್ನು ತೆಗೆಯಿರಿ"

ಬಟನ್ ಒತ್ತಿದ ಮೇಲೆ: "ಆಯಿತು. ಇನ್ನು ಈ ಮೇಲ್ ಬರುವುದಿಲ್ಲ. ತಪ್ಪಿ ಒತ್ತಿದ್ದರೆ ಇಲ್ಲಿಂದ ಮತ್ತೆ ಸೇರಬಹುದು."

ವಿಳಾಸವನ್ನು ಅರ್ಧ ಮರೆಮಾಡಿ ತೋರಿಸುವುದಕ್ಕೂ ಕಾರಣ ಇದೆ. ನಿಮ್ಮ ಮೇಲನ್ನು ಒಬ್ಬರು ಅಕ್ಕನಿಗೆ ಫಾರ್ವರ್ಡ್ ಮಾಡಿದರು ಅಂದುಕೊಳ್ಳಿ. ಅಕ್ಕ ತನಗೆ ಬೇಡವೆಂದು ಲಿಂಕ್ ಒತ್ತಿದರೆ ತೆಗೆದುಹೋಗುವುದು ಕಳಿಸಿದವರ ಹೆಸರು. ಮೊದಲ ಅಕ್ಷರಗಳನ್ನು ನೋಡಿದರೆ "ಇದು ನನ್ನ ವಿಳಾಸ ಅಲ್ಲ" ಎಂದು ಗೊತ್ತಾಗುತ್ತದೆ. ಪೂರ್ತಿ ವಿಳಾಸ ತೋರಿಸಿದರೆ ಗೊತ್ತಿಲ್ಲದವರ ಕೈಗೂ ಅದು ಸಿಗುತ್ತದೆ. ಹಾಗೆಯೇ ಆ ಪುಟದಲ್ಲಿ ಫೋನ್ ನಂಬರ್, ಮನೆ ವಿಳಾಸ, ಹಳೆಯ ಆರ್ಡರ್ ಯಾವುದೂ ಕಾಣಬಾರದು.

"ಯಾಕೆ ಹೋಗುತ್ತಿದ್ದೀರಿ?" ಎಂದು ಕೇಳಬಹುದು. ಆದರೆ ತೆಗೆದ ನಂತರ ಕೇಳಿ, ಉತ್ತರ ಕಡ್ಡಾಯ ಮಾಡಬೇಡಿ. "ತಿಂಗಳಿಗೊಂದು ಸಾಕು" ಎಂಬ ಆಯ್ಕೆ ಕೊಡುವುದು ಒಳ್ಳೆಯದೇ, ವಾರಕ್ಕೆ ಎರಡು ಮೇಲ್ ಬಂದು ಬೇಸತ್ತವರಲ್ಲಿ ಕೆಲವರು ಅದನ್ನೇ ಆರಿಸುತ್ತಾರೆ. ಆದರೆ ಅದು ನಿಲ್ಲಿಸುವ ಬಟನ್ನನ್ನು ಮುಚ್ಚುವಂತಿರಬಾರದು. ಹದಿನೈದು ಟಿಕ್ ಬಾಕ್ಸ್ ಇಟ್ಟು ಒಂದೊಂದಾಗಿ ತೆಗೆಯಿರಿ ಎನ್ನುವುದಂತೂ ಓದುಗರಿಗೆ ಮಾಡುವ ಅನ್ಯಾಯ.

ಮನಸ್ಸು ಚುಚ್ಚುವ ಮಾತು ಬೇಡ. "ಬೇಡ, ನನಗೆ ಕನ್ನಡ ಪುಸ್ತಕಗಳ ಮೇಲೆ ಪ್ರೀತಿ ಇಲ್ಲ" ಎಂದು ಬಟನ್ ಮೇಲೆ ಬರೆಯುವ ಚಾಳಿ ನಮ್ಮಲ್ಲೂ ಶುರುವಾಗಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಡಾರ್ಕ್ ಪ್ಯಾಟರ್ನ್‌ಗಳ ವಿರುದ್ಧ ಮಾರ್ಗಸೂಚಿ ತಂದಿತು. ಗ್ರಾಹಕರನ್ನು ದಾರಿತಪ್ಪಿಸುವ ವಿನ್ಯಾಸದ ತಂತ್ರಗಳಿಗೆ ಆ ಹೆಸರು. ಅದು ಹೆಸರಿಸಿದ 13 ತಂತ್ರಗಳಲ್ಲಿ ಹೀಗೆ ನಾಚಿಸಿ ಒಪ್ಪಿಸುವುದೂ ಒಂದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ, ಯುರೋಪಿನ ದತ್ತಾಂಶ ರಕ್ಷಣಾ ನಿಯಮವಾದ ಜಿಡಿಪಿಆರ್ ಕೂಡ ಈ ವಿಷಯದಲ್ಲಿ ಒಂದೇ ಮಾತು ಹೇಳುತ್ತವೆ: ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ಪಡೆಯಲು ಆಗಬೇಕು. ಒಂದು ಡಬ್ಬಿಯಲ್ಲಿ ವಿಳಾಸ ಬರೆದು ಸೇರಿದವರು ಒಂದು ಬಟನ್ ಒತ್ತಿ ಹೋಗಬೇಕು.

ಪುಟದ ಭಾಷೆ ಮೇಲ್‌ನ ಭಾಷೆಯೇ ಆಗಿರಲಿ. ಕನ್ನಡದ ಮೇಲ್ ಓದಿದವರನ್ನು ಇಂಗ್ಲಿಷ್ ಪುಟಕ್ಕೆ ದಬ್ಬಬೇಡಿ. ಹೊರದೇಶದ ಕೂಟಗಳ ಪಟ್ಟಿಯಲ್ಲಿ ಮಾತ್ರ ಕನ್ನಡ ಓದಲು ಬಾರದ ಮಕ್ಕಳೂ ಇರುತ್ತಾರೆ, ಅಲ್ಲಿ ಬಟನ್ ಮೇಲೆ ಎರಡೂ ಭಾಷೆ ಇರಲಿ.

5. ಮೇಲ್‌ನ ತಲೆಯಲ್ಲಿರುವ ಬಟನ್

ಜಿಮೇಲ್, ಯಾಹೂಗಳಲ್ಲಿ ಕೆಲವು ಮೇಲ್ ತೆರೆದಾಗ ಕಳಿಸಿದವರ ಹೆಸರಿನ ಪಕ್ಕದಲ್ಲೇ ಅನ್‌ಸಬ್‌ಸ್ಕ್ರೈಬ್ ಎಂದು ಕಾಣುತ್ತದೆ. ಅದು ನಿಮ್ಮ ಮೇಲ್‌ನ ಒಳಗಿರುವ ಲಿಂಕ್ ಅಲ್ಲ. ಮೇಲ್‌ನ ಹೆಡರ್ ನೋಡಿ ಜಿಮೇಲ್ ತಾನೇ ತೋರಿಸುವ ಬಟನ್. ಹೆಡರ್ ಅಂದರೆ ಮೇಲ್‌ನ ಜೊತೆ ಬರುವ, ಓದುಗರಿಗೆ ಸಾಮಾನ್ಯವಾಗಿ ಕಾಣದ ವಿವರಗಳು.

ಇದಕ್ಕೆ ಎರಡು ಹೆಡರ್ ಬೇಕು. ಒಂದು ಲಿಸ್ಟ್-ಅನ್‌ಸಬ್‌ಸ್ಕ್ರೈಬ್. ಇದು 1998ರಿಂದಲೂ ಇದೆ. ಇದರಲ್ಲಿ ಟೋಕನ್ ಸೇರಿದ ಎಚ್‌ಟಿಟಿಪಿಎಸ್ ವಿಳಾಸ ಇರಬೇಕು, ಬೇಕಿದ್ದರೆ ಜೊತೆಗೊಂದು ಮೇಲ್ ವಿಳಾಸವನ್ನೂ ಕೊಡಬಹುದು. ಇನ್ನೊಂದು ಲಿಸ್ಟ್-ಅನ್‌ಸಬ್‌ಸ್ಕ್ರೈಬ್-ಪೋಸ್ಟ್. 2017ರ ಆರ್‌ಎಫ್‌ಸಿ 8058 ಎಂಬ ಮಾನದಂಡದಲ್ಲಿ ಬಂದದ್ದು. "ಈ ವಿಳಾಸಕ್ಕೆ ಒಂದು ಪೋಸ್ಟ್ ಕಳಿಸಿದರೆ ಸಾಕು, ಮತ್ತೇನೂ ಕೇಳುವುದಿಲ್ಲ" ಎಂದು ಇದು ಮೇಲ್ ಸೇವೆಗೆ ಹೇಳುತ್ತದೆ.

ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಜಿಮೇಲ್ ಖಾತೆಗಳಿಗೆ ಕಳಿಸುವವರಿಗೆ 2024ರಿಂದ ಇದು ಕಡ್ಡಾಯ. ಅಂಥವರು ವಿನಂತಿ ಬಂದ ಎರಡು ದಿನದೊಳಗೆ ತೆಗೆಯಬೇಕು. ತಿಂಗಳಿಗೆ ಒಂದೇ ಸಲ ಕಳಿಸುತ್ತೇವಲ್ಲ ಎಂದು ಸುಮ್ನೆ ಕೂರಬೇಡಿ. ಆ ಒಂದು ದಿನ ಮಿತಿ ಮುಟ್ಟಿದರೂ ನೀವು ದೊಡ್ಡ ಪ್ರಮಾಣದಲ್ಲಿ ಕಳಿಸುವವರ ಲೆಕ್ಕಕ್ಕೆ ಸೇರುತ್ತೀರಿ, ಆ ಲೆಕ್ಕದಿಂದ ಮತ್ತೆ ಹೊರಬರುವಂತಿಲ್ಲ. ಸಣ್ಣ ಪಟ್ಟಿಯವರಿಗೆ ಕಡ್ಡಾಯ ಅಲ್ಲದಿದ್ದರೂ ಹಾಕಿ. ಸ್ಪ್ಯಾಮ್ ಬಟನ್‌ಗೆ ಇಷ್ಟು ಹತ್ತಿರ ಇರುವ ಬೇರೆ ದಾರಿ ಇಲ್ಲ.

ಹಾಕಿದ್ದೇವೆ, ಆದರೂ ಕೆಲಸ ಮಾಡುತ್ತಿಲ್ಲ ಎನ್ನುವವರು ಈ ನಾಲ್ಕು ಕಡೆ ನೋಡಿ.

ಪೋಸ್ಟ್ ಬರುವುದು ಓದುಗರ ಬ್ರೌಸರ್‌ನಿಂದ ಅಲ್ಲ, ಗೂಗಲ್‌ನ ಸರ್ವರ್‌ನಿಂದ. ಅದರಲ್ಲಿ ಕುಕೀ ಇರುವುದಿಲ್ಲ, ನಿಮ್ಮ ಫಾರ್ಮ್‌ನ ಸಿಎಸ್‌ಆರ್‌ಎಫ್ ಗುರುತೂ ಇರುವುದಿಲ್ಲ. ಬೇರೆ ಸೈಟ್‌ನಿಂದ ಕಳ್ಳ ಫಾರ್ಮ್ ಬರದಂತೆ ತಡೆಯುವ ವ್ಯವಸ್ಥೆ ಅದು. ಜಾಂಗೋ, ಲಾರಾವೆಲ್ ಎನ್ನುವುವು ಸೈಟ್ ಕಟ್ಟುವ ಸಾಧನಗಳು. ಜಾಂಗೋದಲ್ಲಿ ಬರೆದ ಸೈಟ್ 403 ಎಂದು, ಲಾರಾವೆಲ್‌ನದು 419 ಎಂದು ಉತ್ತರಿಸಿ ಆ ಪೋಸ್ಟನ್ನು ತಳ್ಳಿಬಿಡುತ್ತದೆ. ಓದುಗರಿಗೆ ಜಿಮೇಲ್ "ಅನ್‌ಸಬ್‌ಸ್ಕ್ರೈಬ್ ಆಯಿತು" ಎಂದು ತೋರಿಸಿರುತ್ತದೆ, ಮುಂದಿನ ವಾರ ಮೇಲ್ ಮತ್ತೆ ಬರುತ್ತದೆ. ಈ ಒಂದು ವಿಳಾಸಕ್ಕೆ ಮಾತ್ರ ಆ ತಪಾಸಣೆಯಿಂದ ವಿನಾಯಿತಿ ಕೊಡಿ. ಟೋಕನ್ನೇ ಇಲ್ಲಿ ಕಾವಲು.

ರೀಡೈರೆಕ್ಟ್ ಬೇಡ. ಬೇರೆ ವಿಳಾಸಕ್ಕೆ ತಿರುಗಿಸಬಾರದು ಎಂದು ಮಾನದಂಡವೇ ಹೇಳುತ್ತದೆ. ಕ್ಲಿಕ್ ಎಣಿಸುವ ಲಿಂಕ್‌ನ ಮೂಲಕ ಹಾಯಿಸಿದರೂ ಅದೇ ಗತಿ.

ನಿಮ್ಮ ಸೈಟ್‌ನ ಮುಂದೆ "ನೀವು ರೋಬೋಟ್ ಅಲ್ಲ ತಾನೇ?" ಎಂದು ಕೇಳುವ ಕಾವಲು ಇದ್ದರೆ ಈ ವಿಳಾಸಕ್ಕೆ ಅದನ್ನು ತೆಗೆಯಿರಿ. ಇಲ್ಲಿ ಬರುವುದು ಯಂತ್ರವೇ.

ಎರಡೂ ಹೆಡರ್‌ಗಳು ಡಿಕಿಮ್ ಸಹಿಯೊಳಗೆ ಸೇರಿರಬೇಕು. ಮೇಲ್ ನಿಮ್ಮ ಡೊಮೇನ್‌ನಿಂದಲೇ ಬಂದಿದೆ, ದಾರಿಯಲ್ಲಿ ಯಾರೂ ತಿದ್ದಿಲ್ಲ ಎಂದು ಸಾಬೀತು ಮಾಡುವ ಡಿಜಿಟಲ್ ಸಹಿಗೆ ಡಿಕಿಮ್ ಎನ್ನುತ್ತಾರೆ.

6. ತೆಗೆದದ್ದನ್ನು ನೆನಪಿಡುವುದು

ಪುಟ ಎಷ್ಟೇ ಚೆನ್ನಾಗಿರಲಿ, ಪಟ್ಟಿಗಳು ಹಾಳಾಗುವುದು ಇಲ್ಲೇ. ಯಾರೋ ಅನ್‌ಸಬ್‌ಸ್ಕ್ರೈಬ್ ಮಾಡುತ್ತಾರೆ. ನೀವು ಅವರ ಸಾಲನ್ನು ಡೇಟಾಬೇಸ್‌ನಿಂದ ಅಳಿಸುತ್ತೀರಿ. ಮೂರು ತಿಂಗಳಾದ ಮೇಲೆ ರಾಜ್ಯೋತ್ಸವದ ಕಾರ್ಯಕ್ರಮ. ಕೌಂಟರ್‌ನಲ್ಲಿ ಹೆಸರು ಬರೆಸಿಕೊಂಡ ಎಕ್ಸೆಲ್ ಶೀಟ್ ಬರುತ್ತದೆ, ಸ್ವಯಂಸೇವಕರೊಬ್ಬರು ಅದನ್ನು ಹಾಗೇ ಅಪ್‌ಲೋಡ್ ಮಾಡುತ್ತಾರೆ. ಆ ವಿಳಾಸ ಮತ್ತೆ ಪಟ್ಟಿಯಲ್ಲಿ.

ಆದ್ದರಿಂದ ಅಳಿಸಬೇಡಿ. "ಕಳಿಸಬಾರದ ವಿಳಾಸಗಳು" ಎಂಬ ಬೇರೆಯೇ ಪಟ್ಟಿ ಮಾಡಿ. ವಿಳಾಸ, ಯಾವ ಪಟ್ಟಿಯಿಂದ, ಯಾವಾಗ, ಯಾವ ದಾರಿಯಿಂದ ಹೋದರು ಎಂದು ಬರೆದಿಡಿ. ಪುಟದಿಂದಲೋ, ಜಿಮೇಲ್ ಬಟನ್ನಿಂದಲೋ, ಉತ್ತರ ಬರೆದೋ. ಇಡುವ ಮುಂಚೆ ವಿಳಾಸದ ಆಚೀಚೆಯ ಖಾಲಿ ಜಾಗ ತೆಗೆದು, ಎಲ್ಲವನ್ನೂ ಸಣ್ಣ ಅಕ್ಷರಕ್ಕೆ ತನ್ನಿ. ಇಲ್ಲದಿದ್ದರೆ ಒಂದೇ ವಿಳಾಸ ಎರಡಾಗಿ ಕಾಣುತ್ತದೆ.

ಈ ಪಟ್ಟಿಯನ್ನು ನೋಡಬೇಕಾದ್ದು ಶೀಟ್ ಅಪ್‌ಲೋಡ್ ಮಾಡುವಾಗ ಅಲ್ಲ, ಪ್ರತಿ ಮೇಲ್ ಹೊರಡುವ ಕ್ಷಣದಲ್ಲಿ. ದೊಡ್ಡ ಪಟ್ಟಿಗೆ ಮೇಲ್ ಹೋಗಿ ಮುಗಿಯಲು ಗಂಟೆಗಟ್ಟಲೆ ಹಿಡಿಯಬಹುದು. ನಡುವೆ ಯಾರಾದರೂ ಬೇಡ ಎಂದರೆ ಅವರಿಗೆ ಆಗಲೇ ನಿಲ್ಲಬೇಕು. ಅಮೆರಿಕದ ಕಾಯ್ದೆ ಹತ್ತು ಕೆಲಸದ ದಿನ ಕೊಡುತ್ತದೆ ನಿಜ. ಆದರೆ ಬಟನ್ ಒತ್ತಿದ ಓದುಗರು ಹತ್ತು ದಿನ ಕಾಯುವುದಿಲ್ಲ.

"ನನ್ನ ಮಾಹಿತಿಯನ್ನೇ ಪೂರ್ತಿ ಅಳಿಸಿ" ಎಂದು ಕೇಳಿದವರ ವಿಳಾಸವನ್ನು ಈ ಪಟ್ಟಿಯಲ್ಲಿ ಹ್ಯಾಶ್ ಮಾಡಿ ಇಡಿ. ಹ್ಯಾಶ್ ಅಂದರೆ ಮೂಲ ವಿಳಾಸ ನೇರವಾಗಿ ಓದಲಾಗದ ಗುರುತು. ಅದೇ ವಿಳಾಸ ಮತ್ತೆ ಬಂದರೆ ಹೊಂದಾಣಿಕೆ ಮಾತ್ರ ಗೊತ್ತಾಗುತ್ತದೆ.

ಸ್ಪ್ಯಾಮ್ ಎಂದು ದೂರಿದವರನ್ನೂ ಇದಕ್ಕೇ ಸೇರಿಸಿ. ನೋಂದಾಯಿಸಿಕೊಂಡರೆ ಯಾಹೂ ಇಂಥ ದೂರುಗಳನ್ನು ನಿಮಗೆ ಒಂದೊಂದಾಗಿ ತಿಳಿಸುತ್ತದೆ. ಜಿಮೇಲ್ ಯಾರೆಂದು ಹೇಳುವುದಿಲ್ಲ, ಒಟ್ಟು ಪ್ರಮಾಣವನ್ನು ಮಾತ್ರ ಮೇಲ್ ಕಳಿಸುವವರಿಗಾಗಿ ಇರುವ ಪೋಸ್ಟ್‌ಮಾಸ್ಟರ್ ಟೂಲ್ಸ್ ಎಂಬ ಪುಟದಲ್ಲಿ ತೋರಿಸುತ್ತದೆ. ತಿಂಗಳಿಗೊಮ್ಮೆ ಅಲ್ಲಿ ಕಣ್ಣಾಡಿಸಿ.

7. ಮೇಲ್‌ನ ಕೆಳಗಿನ ಸಾಲು, ಮತ್ತು ಕನ್ನಡದ ತೂಕ

ಲಿಂಕ್ ಅಕ್ಷರದಲ್ಲೇ ಇರಲಿ, ಚಿತ್ರದಲ್ಲಿ ಬೇಡ. ಚಿತ್ರ ಕಾಣದಂತೆ ಮಾಡಿಕೊಂಡವರಿಗೆ ಅದು ಇಲ್ಲವೇ ಇಲ್ಲ. ಬಿಳಿಯ ಮೇಲೆ ತಿಳಿಬೂದು ಬಣ್ಣದ ಪುಟ್ಟ ಅಕ್ಷರವೂ ಬೇಡ.

ಕನ್ನಡದಲ್ಲಿ ಕಳಿಸುವವರು ಒಂದು ವಿಷಯವನ್ನು ತಪ್ಪದೆ ಗಮನಿಸಬೇಕು. ಮೇಲ್‌ನ ಎಚ್‌ಟಿಎಂಎಲ್ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಅದನ್ನು ಅಲ್ಲಿಗೇ ಕತ್ತರಿಸಿ, ಉಳಿದದ್ದನ್ನು ಬೇರೆ ಲಿಂಕ್‌ನ ಹಿಂದೆ ಇಡುತ್ತದೆ. ಕತ್ತರಿಸಿಹೋಗುವುದು ಕೆಳಭಾಗ, ಅಂದರೆ ನಿಮ್ಮ ಅನ್‌ಸಬ್‌ಸ್ಕ್ರೈಬ್ ಲಿಂಕ್. ಕಂಪ್ಯೂಟರ್ ಅಕ್ಷರಗಳನ್ನು ಇಡುವ ಯುಟಿಎಫ್-8 ಎಂಬ ವಿಧಾನದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್. 'ಕಿ' ಬರೆದರೆ ಕ ಒಂದು, ಗುಡಿಸು ಒಂದು, ಒಟ್ಟು ಆರು. ಕೆಲವು ಎಡಿಟರ್‌ಗಳು ಇನ್ನೂ ಕೆಡಿಸುತ್ತವೆ. 'ಕ' ಎಂಬುದನ್ನು 3221 ಎಂಬ ಅಂಕಿಯ ಸಂಕೇತವಾಗಿ ಬದಲಿಸುತ್ತವೆ, ಆಗ ಮೂರರ ಬದಲು ಏಳು ಬೈಟ್. ಆದ್ದರಿಂದ ಮೇಲ್‌ನ ಮೂಲ ಕೋಡ್ ತೆರೆದು, ಕನ್ನಡ ಕನ್ನಡವಾಗಿಯೇ ಇದೆಯೇ ನೋಡಿ. ಉದ್ದನೆಯ ಲೇಖನಗಳ ಪತ್ರವಾದರೆ ಮೇಲ್‌ನ ಆರಂಭದಲ್ಲೂ ಒಂದು ಚಿಕ್ಕ ಸಾಲು ಹಾಕಿ: "ಈ ಪತ್ರ ಬೇಡವೇ? ಇಲ್ಲಿ ಒತ್ತಿ."

8. ಪರೀಕ್ಷೆ

ಜಿಮೇಲ್, ಯಾಹೂ, ಔಟ್‌ಲುಕ್ ಮೂರರಲ್ಲೂ ಒಂದೊಂದು ಖಾತೆ ಇಟ್ಟುಕೊಳ್ಳಿ. ನಿಜವಾದ ಪಟ್ಟಿಗೆ ಸೇರಿಸಿ ಕಳಿಸಿ ನೋಡಿ. ಅನೇಕ ಸಾಧನಗಳು 'ಟೆಸ್ಟ್ ಮೇಲ್'ನಲ್ಲಿ ನಕಲಿ ಲಿಂಕ್ ಹಾಕುತ್ತವೆ, ಅದನ್ನು ಒತ್ತಿ ನೋಡಿ ಉಪಯೋಗ ಇಲ್ಲ.

ಮೊಬೈಲ್‌ನಲ್ಲಿ ತೆರೆಯಿರಿ. ಯಾವುದಕ್ಕೂ ಲಾಗಿನ್ ಆಗದ ಬ್ರೌಸರ್‌ನಲ್ಲಿ ತೆರೆಯಿರಿ. ಬಟನ್ ಒತ್ತದೆ ಪುಟ ಮುಚ್ಚಿ, ಹೆಸರು ಪಟ್ಟಿಯಲ್ಲಿ ಹಾಗೇ ಇದೆಯೇ ನೋಡಿ. ಎರಡು ಸಲ ಒತ್ತಿ, ಎರಡನೇ ಸಲವೂ ದೋಷ ತೋರಿಸದೆ "ಆಯಿತು" ಎನ್ನಬೇಕು. ಟೋಕನ್‌ನ ಒಂದು ಅಕ್ಷರ ಬದಲಿಸಿ, ಆಗ ಯಾರ ವಿಳಾಸವೂ ಕಾಣದೆ "ನಮಗೆ ಈ ವಿಳಾಸಕ್ಕೆ ಬರೆಯಿರಿ, ನಾವೇ ತೆಗೆಯುತ್ತೇವೆ" ಎಂಬ ಮಾತು ಬರಬೇಕು.

ಜಿಮೇಲ್‌ನಲ್ಲಿ 'ಶೋ ಒರಿಜಿನಲ್' ಒತ್ತಿ ಎರಡೂ ಹೆಡರ್ ಇವೆಯೇ, ಡಿಕಿಮ್ 'ಪಾಸ್' ಆಗಿದೆಯೇ ನೋಡಿ. ಹೆಸರಿನ ಪಕ್ಕದ ಬಟನ್ ಕೂಡಲೇ ಕಾಣದಿದ್ದರೆ ಗಾಬರಿ ಬೇಡ. ಹೊಸ ಡೊಮೇನ್‌ಗೆ ಜಿಮೇಲ್ ಅದನ್ನು ತೋರಿಸದೇ ಇರಬಹುದು. ಆಗ ಆ ಹೆಡರ್‌ನ ವಿಳಾಸಕ್ಕೆ ನೀವೇ ಒಂದು ಪೋಸ್ಟ್ ಕಳಿಸಿ, 'ಸರಿ' ಎಂಬರ್ಥದ 200 ಎಂದು ಉತ್ತರ ಬರುತ್ತದೆಯೇ ನೋಡಿ.

ಸೈಟ್ ಹೊಸದಾಗಿ ಕಟ್ಟಿಸುವಾಗ, ಸಾಧನ ಬದಲಿಸುವಾಗ ಹಳೆಯ ಮೇಲ್‌ಗಳ ಲಿಂಕ್ ಸಾಯದಂತೆ ನೋಡಿಕೊಳ್ಳಿ. ಮೇಲ್ ಕಳಿಸಿ ಕನಿಷ್ಠ 30 ದಿನ ಲಿಂಕ್ ಬದುಕಿರಬೇಕು ಎನ್ನುತ್ತದೆ ಅಮೆರಿಕದ ಕಾಯ್ದೆ. ನಾನು ಹೇಳುವುದು, ಡೊಮೇನ್ ನಿಮ್ಮ ಕೈಯಲ್ಲಿರುವವರೆಗೂ ಬದುಕಿರಲಿ. ಹೊಸ ಸಾಧನಕ್ಕೆ ಓದುಗರ ಪಟ್ಟಿ ಹಾಕುವ ಮುಂಚೆ ಕಳಿಸಬಾರದ ವಿಳಾಸಗಳ ಪಟ್ಟಿಯನ್ನು ಹಾಕಿ, ಆಮೇಲೆ ಮೊದಲ ಮೇಲ್ ಕಳಿಸಿ.